ಓದುಗರ ಪ್ರಶ್ನೆ, ನಮ್ಮ ಉತ್ತರ: ಲೀಸ್ ಎಸ್‌ಯುವಿ ಅಗ್ಗವೋ ದುಬಾರಿಯೋ?

ಪ್ರಶ್ನೆ: ಡಲ್ಲಾಸ್ ಹತ್ತಿರದ ಫ್ರಿಸ್ಕೊದಲ್ಲಿದ್ದೇವೆ. ಮೂರು ಸಾಲು ಸೀಟಿನ ಎಸ್‌ಯುವಿ ಲೀಸ್‌ಗೆ, ಅಂದರೆ ಮೂರು ವರ್ಷದ ಬಾಡಿಗೆಗೆ, ಡೀಲರ್ ಬರೆದುಕೊಟ್ಟ ಲೆಕ್ಕ ಹೀಗಿದೆ: ಸ್ಟಿಕರ್ ಬೆಲೆ (ತಯಾರಕರು ನಮೂದಿಸಿದ ಬೆಲೆ) 46,000 ಡಾಲರ್, ನಮಗೆ 44,000. ಸಹಿ ಹಾಕುವ ದಿನ 4,500 ಕಟ್ಟಬೇಕು. ಅದರಲ್ಲಿ 3,500 ಡೌನ್ ಪೇಮೆಂಟ್, 671 ಮೊದಲ ಕಂತು, ಉಳಿದದ್ದು ದಾಖಲೆ ಮತ್ತು ನೋಂದಣಿ ಶುಲ್ಕ. ಆಮೇಲೆ ತಿಂಗಳಿಗೆ 671ರಂತೆ 35 ಕಂತು, ವರ್ಷಕ್ಕೆ 12,000 ಮೈಲಿ. ರೆಸಿಡ್ಯುಯಲ್ (ಲೀಸ್ ಮುಗಿದಾಗ ಕಾರಿಗೆ ಉಳಿಯುತ್ತದೆಂದು ಮೊದಲೇ ಗೊತ್ತುಮಾಡಿದ ಬೆಲೆ) ಶೇ. 60, ಮನಿ ಫ್ಯಾಕ್ಟರ್ (ಬಡ್ಡಿ ಲೆಕ್ಕ ಹಾಕುವ ಗುಣಕ) 0.0025. ಜಾಹೀರಾತಿನಲ್ಲಿ ನೋಡಿದ್ದು 499 ಡಾಲರ್. ತೆಗೆದುಕೊಳ್ಳಬಹುದೇ?

ಉತ್ತರ: ಈ ಹಾಳೆಗೆ ಸಹಿ ಹಾಕಬೇಡಿ. ಕಾರಿನಲ್ಲಿ ತಪ್ಪಿಲ್ಲ, ಹಾಳೆಯಲ್ಲಿದೆ. ತಿದ್ದಿಸಿದರೆ ನ್ಯಾಯವಾದ ಬೆಲೆಗೆ ಬರುತ್ತದೆ.

ಮೊದಲು 671 ಹೇಗೆ ಹುಟ್ಟಿತು ನೋಡೋಣ. ಲೀಸ್ ಕಂತಿನಲ್ಲಿ ಇರುವುದು ಎರಡೇ ಭಾಗ. ಒಂದು, ಮೂರು ವರ್ಷದಲ್ಲಿ ಕಾರು ಕಳೆದುಕೊಳ್ಳುವ ಬೆಲೆ. ಇನ್ನೊಂದು, ಬಡ್ಡಿ, ಕರಾರಿನಲ್ಲಿ ಇದಕ್ಕೆ ‘ರೆಂಟ್ ಚಾರ್ಜ್’ ಎಂಬ ಹೆಸರು. ನಿಮ್ಮ ಹಾಳೆಯಲ್ಲಿ 44,000ಕ್ಕೆ ಟೆಕ್ಸಸ್ ತೆರಿಗೆ ಶೇ. 6.25ರಂತೆ 2,750, ಲೀಸ್ ಕಂಪನಿಯ ಅಕ್ವಿಸಿಷನ್ ಫೀ (ಲೀಸ್ ಶುರು ಮಾಡುವ ಶುಲ್ಕ) 700, ಜೊತೆಗೆ ‘ಪ್ರೊಟೆಕ್ಷನ್ ಪ್ಯಾಕೇಜ್’ ಎಂದು ಡೀಲರ್ ಹಚ್ಚಿದ 1,250 ಸೇರಿವೆ. ಒಟ್ಟು 48,700. ಡೌನ್ ಪೇಮೆಂಟ್ 3,500 ಕಳೆದರೆ 45,200. ಇದನ್ನೇ ಅಡ್ಜಸ್ಟೆಡ್ ಕ್ಯಾಪ್ ಕಾಸ್ಟ್ ಅನ್ನುವುದು. ರೆಸಿಡ್ಯುಯಲ್ ಅನ್ನು ಯಾವಾಗಲೂ ಸ್ಟಿಕರ್ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ, ಆದ್ದರಿಂದ 46,000ದ ಶೇ. 60 ಅಂದರೆ 27,600. ಇವೆರಡರ ನಡುವಿನ ಅಂತರ 17,600. 36ರಿಂದ ಭಾಗಿಸಿದರೆ 489. ಇನ್ನು ಬಡ್ಡಿ: 45,200 ಮತ್ತು 27,600 ಕೂಡಿಸಿ 0.0025ರಿಂದ ಗುಣಿಸಿದರೆ 182. ಎರಡೂ ಸೇರಿ 671.

‘ಕೂಡಿಸಿ ಗುಣಿಸುವುದು ಯಾಕೆ, ಕಳೆಯಬೇಕಲ್ಲವೇ’ ಎಂದು ಬಹಳ ಜನ ಕೇಳುತ್ತಾರೆ. ಮೂರು ವರ್ಷದುದ್ದಕ್ಕೂ ಕಂಪನಿಯ ದುಡ್ಡು ಆ ಕಾರಿನಲ್ಲಿ ಸಿಕ್ಕಿಕೊಂಡಿರುತ್ತದೆ, ಮೊದಲ ದಿನ 45,200, ಕೊನೆಯ ದಿನ 27,600. ಸರಾಸರಿ ಬೇಕಾದರೆ ಕೂಡಿಸಿ ಎರಡರಿಂದ ಭಾಗಿಸಬೇಕು. ಆ ಭಾಗಾಕಾರವನ್ನು ಮನಿ ಫ್ಯಾಕ್ಟರ್ ಒಳಗೇ ಅಡಗಿಸಿಟ್ಟಿದ್ದಾರೆ. ಅದಕ್ಕೇ ಅದನ್ನು 2,400ರಿಂದ ಗುಣಿಸಿದರೆ ವಾರ್ಷಿಕ ಬಡ್ಡಿ ಸಿಗುತ್ತದೆ. ನಿಮ್ಮದು ಶೇ. 6.

ಅಮೆರಿಕದ 1976ರ ಕನ್ಸ್ಯೂಮರ್ ಲೀಸಿಂಗ್ ಆ್ಯಕ್ಟ್ ಪ್ರಕಾರ ಕ್ಯಾಪ್ ಕಾಸ್ಟ್, ರೆಸಿಡ್ಯುಯಲ್, ಒಟ್ಟು ರೆಂಟ್ ಚಾರ್ಜ್ ಎಲ್ಲವನ್ನೂ ಕರಾರಿನಲ್ಲಿ ತೋರಿಸಲೇಬೇಕು. ಮನಿ ಫ್ಯಾಕ್ಟರ್ ತೋರಿಸಬೇಕೆಂಬ ಕಡ್ಡಾಯವಿಲ್ಲ. ಬಾಯಲ್ಲಿ ಹೇಳಿದ್ದು ಒಂದು, ಬರೆದದ್ದು ಇನ್ನೊಂದು ಆಗುವುದು ಇಲ್ಲಿಯೇ. ಪರೀಕ್ಷಿಸುವುದು ಸುಲಭ: ಕರಾರಿನ ಒಟ್ಟು ರೆಂಟ್ ಚಾರ್ಜನ್ನು 36ರಿಂದ ಭಾಗಿಸಿ, ಬಂದದ್ದನ್ನು ಕ್ಯಾಪ್ ಕಾಸ್ಟ್ ಮತ್ತು ರೆಸಿಡ್ಯುಯಲ್‌ಗಳ ಮೊತ್ತದಿಂದ ಮತ್ತೆ ಭಾಗಿಸಿ. ನಿಮ್ಮ ಕರಾರಿನಲ್ಲಿ 6,552 ಎಂದಿದ್ದರೆ ಮಾತ್ರ 0.0025 ನಿಜ.

ಈಗ 499 ಎಲ್ಲಿ ಹೋಯಿತು? ಜಾಹೀರಾತಿನ ಕೆಳಗಿನ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ತೆರಿಗೆ ಹೊರತುಪಡಿಸಿ, ವರ್ಷಕ್ಕೆ 10,000 ಮೈಲಿ’ ಎಂದಿರುತ್ತದೆ. ತೆರಿಗೆಯಿಂದ ನಿಮ್ಮ ಕಂತಿಗೆ ಬಿದ್ದ ಹೊರೆ 83 ಡಾಲರ್. ಪ್ರೊಟೆಕ್ಷನ್ ಪ್ಯಾಕೇಜ್‌ನಿಂದ 38. ಫೈನಾನ್ಸ್ ಕಂಪನಿಯ ಮೂಲ ದರದ ಮೇಲೆ ಡೀಲರ್ ಮನಿ ಫ್ಯಾಕ್ಟರನ್ನು 0.0004 ಏರಿಸಿಕೊಂಡಿದ್ದರೆ ಅದರಿಂದ 29. ಮಿಕ್ಕ 22ರಲ್ಲಿ ಅರ್ಧದಷ್ಟು ಮೈಲಿ ವ್ಯತ್ಯಾಸದ್ದು, ಅರ್ಧ ನಿಮಗೆ ದಕ್ಕದ ಲಾಯಲ್ಟಿ ರಿಯಾಯಿತಿಯದ್ದು (ಅದೇ ಬ್ರ್ಯಾಂಡಿನ ಹಳೆ ಗ್ರಾಹಕರಿಗೆ ಸಿಗುವಂಥದ್ದು). ಇವುಗಳಲ್ಲಿ ತೆರಿಗೆ ಮತ್ತು ಮೈಲಿ ನಿಜವಾದ ಖರ್ಚು. ಪ್ಯಾಕೇಜ್ ಮತ್ತು ಬಡ್ಡಿ ಏರಿಕೆ ಡೀಲರ್ ಜೇಬಿಗೆ.

ಡೀಲರ್‌ಗೆ ಇಷ್ಟು ಕೇಳಿ. ಪ್ಯಾಕೇಜ್ ತೆಗೆಯಿರಿ. ಮನಿ ಫ್ಯಾಕ್ಟರ್ ‘ಬೈ ರೇಟ್’ನಲ್ಲಿ, ಅಂದರೆ ಫೈನಾನ್ಸ್ ಕಂಪನಿಯ ಮೂಲ ದರದಲ್ಲಿ ಹಾಕಿ. ಬೆಲೆ 42,500ಕ್ಕೆ ಇಳಿಸಿ. ಡೌನ್ ಪೇಮೆಂಟ್ ಸೊನ್ನೆ. ಹೀಗಾದರೆ ತೆರಿಗೆ 2,656, ಕ್ಯಾಪ್ ಕಾಸ್ಟ್ 45,856. ಸವಕಳಿ 507, ಬಡ್ಡಿ 0.0021ರಂತೆ 154, ಕಂತು 661.

ಕಂತು ಬರೀ 10 ಡಾಲರ್ ಇಳಿಯಿತು ಅನಿಸುತ್ತದೆ, ಅಲ್ಲವೇ? ಇಲ್ಲೇ ಮೋಸ ಹೋಗುವುದು. ಅವರ ಹಾಳೆಯಲ್ಲಿ ಮೊದಲ ದಿನದ 4,500, ಆಮೇಲಿನ 35 ಕಂತಿನ 23,485, ಕಾರು ಹಿಂತಿರುಗಿಸುವಾಗಿನ ಡಿಸ್ಪೊಸಿಷನ್ ಫೀ 400 ಎಂದಿಟ್ಟುಕೊಂಡರೆ ಒಟ್ಟು 28,385. ತಿದ್ದಿದ ಹಾಳೆಯಲ್ಲಿ ಮೊದಲ ದಿನ 990, ಆಮೇಲೆ 23,135, ಕೊನೆಗೆ 400, ಒಟ್ಟು 24,525. ವ್ಯತ್ಯಾಸ 3,860 ಡಾಲರ್. ಎರಡು ಆಫರ್ ಹೋಲಿಸುವಾಗ ಕಂತಿಗೆ ಕಂತನ್ನು ಹೋಲಿಸದೆ, ಈ ಒಟ್ಟು ಮೊತ್ತವನ್ನು ತಿಂಗಳುಗಳಿಂದ ಭಾಗಿಸಿ ಹೋಲಿಸಿ: ಮೊದಲನೆಯದು 788, ಎರಡನೆಯದು 681. ‘ತಿಂಗಳಿಗೆ ಎಷ್ಟಾದರೆ ನಿಮಗೆ ಅನುಕೂಲ’ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಡಿ. ಬೆರಳು ತೋರಿಸಿದರೆ ಹಸ್ತ ನುಂಗುವ ಕಡೆ ಅದು. ನೀವು ಹೇಳಿದ ಕಂತಿಗೇ ಹೊಂದುವಂತೆ ಡೌನ್ ಪೇಮೆಂಟ್, ಅವಧಿ, ಮೈಲಿ ಎಲ್ಲವನ್ನೂ ತಿರುಚಿ ತರುತ್ತಾರೆ.

ಡೌನ್ ಪೇಮೆಂಟ್ ಬೇಡ ಎನ್ನಲು ಇನ್ನೊಂದು ಕಾರಣವೂ ಇದೆ. ಮೂರನೇ ತಿಂಗಳಲ್ಲಿ ಅಪಘಾತವಾಗಿ ಕಾರು ಪೂರ್ತಿ ಹಾಳಾಯಿತು ಅನ್ನಿ. ವಿಮೆಯ ಹಣ ಹೋಗುವುದು ಕಾರಿನ ಮಾಲೀಕರಿಗೆ, ಅಂದರೆ ಲೀಸ್ ಕಂಪನಿಗೆ. ಬಾಕಿ ಹೆಚ್ಚಿದ್ದು ವಿಮೆ ಹಣ ಕಡಿಮೆ ಬಿದ್ದರೆ ಆ ಕೊರತೆಯನ್ನು ಗ್ಯಾಪ್ ರಕ್ಷಣೆ ತುಂಬುತ್ತದೆ, ನೀವು ಕಟ್ಟಿದ 3,500 ಮಾತ್ರ ತಿರುಗಿ ಬರುವುದಿಲ್ಲ. ಗ್ಯಾಪ್ ಹಲವು ಲೀಸ್‌ಗಳಲ್ಲಿ ಸೇರಿಯೇ ಇರುತ್ತದೆ, ಎಲ್ಲದರಲ್ಲೂ ಅಲ್ಲ. ಸೇರಿದೆಯೇ ಎಂದು ಕರಾರಿನಲ್ಲಿ ಹುಡುಕಿ. ಸೇರಿದ್ದರೆ ಡೀಲರ್ ಮತ್ತೆ ಮಾರಲು ಬಂದಾಗ ಬೇಡ ಎನ್ನಿ.

ಟೆಕ್ಸಸ್‌ನವರಿಗೆ ಒಂದು ಮಾತು. ಬಹಳ ರಾಜ್ಯಗಳಲ್ಲಿ ತೆರಿಗೆ ಲೀಸ್ ಕಂತಿನ ಮೇಲೆ ಮಾತ್ರ; ನಿಮ್ಮಲ್ಲಿ ಕಾರಿನ ಪೂರ್ತಿ ಬೆಲೆಯ ಮೇಲೆ. ಮೂರು ವರ್ಷ ಓಡಿಸುವ ಕಾರಿಗೆ ಇಡೀ ಕಾರಿನ ತೆರಿಗೆ. ಕೊನೆಗೆ ಅದೇ ಕಾರನ್ನು ಕೊಂಡುಕೊಂಡರೆ ಆ ಬೆಲೆಗೆ ಮತ್ತೆ ಶೇ. 6.25. ಕೆಲವು ಫೈನಾನ್ಸ್ ಕಂಪನಿಗಳ ಬಳಿ ತೆರಿಗೆ ಕ್ರೆಡಿಟ್ (ಈ ತೆರಿಗೆಗೆ ವಜಾ ಹಾಕಿಕೊಳ್ಳಬಹುದಾದ ಮೊತ್ತ) ಇರುತ್ತದೆ, ಕೆಲವು ತಿಂಗಳು ಕೆಲವು ಮಾಡೆಲ್‌ಗೆ ಕೊಡುತ್ತಾರೆ. ‘ಟ್ಯಾಕ್ಸ್ ಕ್ರೆಡಿಟ್ ಇದೆಯೇ’ ಎಂದು ಕೇಳದೆ ಬರಬೇಡಿ. ಸಿಕ್ಕರೆ ನಿಮ್ಮ ಕಂತು ಇನ್ನೂ 79 ಡಾಲರ್ ಇಳಿಯುತ್ತದೆ.

ತಿದ್ದಿದ ಮೇಲಾದರೂ ಲಾಭವೇ? ಅದೇ ಕಾರನ್ನು 42,500ಕ್ಕೆ ಕೊಂಡು, ತೆರಿಗೆ ಶುಲ್ಕ ಸೇರಿ 45,485ಕ್ಕೆ ಶೇ. 6.5ರ ಐದು ವರ್ಷದ ಸಾಲ ತೆಗೆದರೆ ಮೊದಲ ಮೂರು ವರ್ಷದ ಬಡ್ಡಿ ಸುಮಾರು 6,535. ಆಗ ಕಾರನ್ನು 27,600ಕ್ಕೇ ಮಾರಿದರೆ ಕಳೆದುಹೋದ ಬೆಲೆ 17,885. ಒಟ್ಟು ಖರ್ಚು 24,420. ಲೀಸ್ ಖರ್ಚು 24,525. ಸರಿಸಮ. ಕಾರಿನ ಬೆಲೆ ನಿರೀಕ್ಷೆಗಿಂತ ಕುಸಿದರೆ ಆ ನಷ್ಟ ಲೀಸ್ ಕಂಪನಿಯ ತಲೆಗೆ, ಅಷ್ಟು ಲೀಸ್‌ಗೆ ಅನುಕೂಲ. ಮೂರು ವರ್ಷಕ್ಕೊಮ್ಮೆ ಕಾರು ಬದಲಿಸುವವರಾದರೆ ತೆಗೆದುಕೊಳ್ಳಿ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವ ಮನೆಯಾದರೆ ಕೊಂಡುಬಿಡಿ. ‘ಕಂತು ಸ್ಟಿಕರ್ ಬೆಲೆಯ ಶೇ. 1ರೊಳಗಿರಬೇಕು’ ಎಂಬ ಹಳೆಯ ಸೂತ್ರ ಬಡ್ಡಿ ತೀರಾ ಕಡಿಮೆಯಿದ್ದ ಕಾಲದ್ದು. ಶೇ. 5ರ ಬಡ್ಡಿಯಲ್ಲಿ, ಅದೂ ಟೆಕ್ಸಸ್‌ನಲ್ಲಿ, ಅದನ್ನು ಹಿಡಿದು ಕೂತರೆ ಯಾವ ಕಾರೂ ಸಿಗಲಿಕ್ಕಿಲ್ಲ.

ಪ್ರಶ್ನೆ: ನನ್ನ ಸ್ನೇಹಿತ 2025ರ ಬೇಸಿಗೆಯಲ್ಲಿ ಎಲೆಕ್ಟ್ರಿಕ್ ಎಸ್‌ಯುವಿಯನ್ನು 299 ಡಾಲರ್‌ಗೆ ಲೀಸ್ ಮಾಡಿದ. ಅದೇ ಮಾಡೆಲ್‌ಗೆ ಈಗ ನನಗೆ 520 ಹೇಳುತ್ತಿದ್ದಾರೆ. ಡೀಲರ್ ಸುಲಿಯುತ್ತಿದ್ದಾನೆಯೇ? (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಉತ್ತರ: ಇರಲಾರದು. ಆಗ ಲೀಸ್ ಕಂಪನಿಗೆ ಕೇಂದ್ರ ಸರ್ಕಾರದಿಂದ 7,500 ಡಾಲರ್ ತೆರಿಗೆ ಕ್ರೆಡಿಟ್ ಸಿಗುತ್ತಿತ್ತು. ಹೊರದೇಶದಲ್ಲಿ ತಯಾರಾಗಿ, ಕೊಳ್ಳುವವರಿಗೆ ಕ್ರೆಡಿಟ್ ಸಿಗದ ಕಾರುಗಳಿಗೂ ಲೀಸ್ ದಾರಿಯಲ್ಲಿ ಅದು ದಕ್ಕುತ್ತಿತ್ತು. ಬಹುತೇಕ ಕಂಪನಿಗಳು ಅದನ್ನು ಬೆಲೆಯಲ್ಲೇ ಕಳೆದು ಕೊಡುತ್ತಿದ್ದವು. 2025ರ ಸೆಪ್ಟೆಂಬರ್ 30ಕ್ಕೆ ಅದು ನಿಂತಿತು. 7,500ನ್ನು 36ರಿಂದ ಭಾಗಿಸಿದರೆ 208, ಅದರ ಮೇಲಿನ ಬಡ್ಡಿ 15 ಸೇರಿ 223. 299ಕ್ಕೆ ಕೂಡಿಸಿ ನೋಡಿ, 522. ಕೇಳಬೇಕಾದದ್ದು, ತಯಾರಕರೇ ಕೊಡುವ ರಿಯಾಯಿತಿ, ಅಂದರೆ ಲೀಸ್ ಕ್ಯಾಶ್, ಈ ತಿಂಗಳು ಎಷ್ಟಿದೆ ಎಂದು. ಅದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ಪ್ರಶ್ನೆ: ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ, ಎಚ್-1ಬಿ ವೀಸಾ. ಒಂದೂವರೆ ವರ್ಷದಲ್ಲಿ ಬೆಂಗಳೂರಿಗೆ ವಾಪಸಾದರೂ ಆಗಬಹುದು. ‘ಲೀಸ್ ಆದರೆ ಯಾವಾಗ ಬೇಕಾದರೂ ಬಿಟ್ಟುಹೋಗಬಹುದು’ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಸಾಲದ ಕಾರಿಗಿಂತ ಲೀಸ್ ಕಾರನ್ನು ನಡುವೆ ಬಿಡುವುದೇ ಕಷ್ಟ. ಮೇಲಿನ ಫ್ರಿಸ್ಕೊ ಲೆಕ್ಕವನ್ನೇ ತೆಗೆದುಕೊಳ್ಳಿ: 45,856ರ ಕಾರಿಗೆ ಒಂದು ವರ್ಷ 661ರಂತೆ ಕಟ್ಟಿದ ಮೇಲೂ ಬಾಕಿ ಸುಮಾರು 40,000 ಉಳಿದಿರುತ್ತದೆ. ಮಾರುಕಟ್ಟೆಯಲ್ಲಿ ಕಾರು 35,000ಕ್ಕೆ ಹೋದರೆ 5,000 ಕೈಯಿಂದ ಕಟ್ಟಿ ಎದ್ದು ಬರಬೇಕು. ಹೊಸ ಕಾರು ಮೊದಲ ವರ್ಷ ಹೆಚ್ಚು ಬೆಲೆ ಕಳೆದುಕೊಳ್ಳುತ್ತದೆ, ನೀವು ಕಟ್ಟುವ ಕಂತು ಮಾತ್ರ ಮೂರು ವರ್ಷಕ್ಕೂ ಒಂದೇ ಸಮ. ಹೀಗಾಗಿ ನಡುವಿನ ತಿಂಗಳುಗಳಲ್ಲಿ ನೀವು ಸದಾ ಹಿಂದೆ ಬಿದ್ದಿರುತ್ತೀರಿ.

ದಾರಿಗಳಿವೆ, ಆದರೆ ಸಹಿ ಹಾಕುವ ಮುಂಚೆಯೇ ನೋಡಬೇಕು. ಕರಾರಿನಲ್ಲಿ ಲೀಸ್ ವರ್ಗಾವಣೆಗೆ ಒಪ್ಪಿಗೆ ಇದೆಯೇ? ಕೆಲವು ಕಂಪನಿಗಳು ಬಿಡುವುದೇ ಇಲ್ಲ. ಕೆಲವು ಬಿಡುತ್ತವೆ, ಆದರೆ ಹೊಸಬರು ಕಂತು ತಪ್ಪಿಸಿದರೆ ಹೊಣೆ ಮೂಲ ಲೀಸ್‌ದಾರರ ಮೇಲೇ ಇಡುತ್ತವೆ. ಬೆಂಗಳೂರಿನಲ್ಲಿ ಕೂತು ನ್ಯೂಜೆರ್ಸಿಯ ಕಾರಿಗೆ ಜವಾಬ್ದಾರರಾಗುವ ಪಾಡು ಬೇಡ. ಎರಡನೆಯದು, ಬೇರೆ ಬ್ರ್ಯಾಂಡ್ ಡೀಲರ್‌ಗೆ ಅಥವಾ ಹಳೆ ಕಾರು ಕೊಳ್ಳುವ ಕಂಪನಿಗೆ ನೇರ ಮಾರಬಹುದೇ? ಹಲವು ತಯಾರಕರ ಫೈನಾನ್ಸ್ ಸಂಸ್ಥೆಗಳು ಇದಕ್ಕೆ ಅಡ್ಡಗಾಲು ಹಾಕಿವೆ. ತಮ್ಮದೇ ಡೀಲರ್‌ಗೆ ಮಾತ್ರ ಎನ್ನುತ್ತವೆ. ನೀವೇ ಕೊಂಡು ಆಮೇಲೆ ಮಾರಲು ಹೋದರೆ ನಡುವೆ ಸೇಲ್ಸ್ ಟ್ಯಾಕ್ಸ್ ಬೀಳುತ್ತದೆ. ನಿಮ್ಮ ರಾಜ್ಯದಲ್ಲಿ ಒಟ್ಟು ಲೀಸ್ ಕಂತುಗಳ ಮೇಲಿನ ಶೇ. 6.625 ತೆರಿಗೆ ಆರಂಭದಲ್ಲೇ ಬಾಕಿ ಬೀಳುತ್ತದೆ, ಅದೂ ಲೆಕ್ಕದಲ್ಲಿರಲಿ.

ನಿಮ್ಮ ಸ್ಥಿತಿಗೆ ಎರಡು ಮೂರು ವರ್ಷ ಹಳೆಯದಾದ, ಚೆನ್ನಾಗಿ ಮಾರಾಟವಾಗುವ ಎಸ್‌ಯುವಿ ಕೊಳ್ಳುವುದೇ ವಾಸಿ. ಲೀಸೇ ಬೇಕೆಂದರೆ ಯಾರಾದರೂ ಬಿಟ್ಟುಹೋಗುತ್ತಿರುವ, 15ರಿಂದ 18 ತಿಂಗಳು ಬಾಕಿಯಿರುವ ಲೀಸನ್ನು ವಹಿಸಿಕೊಳ್ಳಿ. ಅವರ ಕಷ್ಟವೇ ನಿಮಗೆ ರಿಯಾಯಿತಿ.

ಪ್ರಶ್ನೆ: ವೈಟ್‌ಫೀಲ್ಡ್‌ನ ಐಟಿ ಕಂಪನಿಯಲ್ಲಿ ಕೆಲಸ. ಎಚ್‌ಆರ್‌ನವರು ‘ಕಾರ್ ಲೀಸ್ ತಗೊಳ್ಳಿ, ತೆರಿಗೆ ಉಳಿಯುತ್ತೆ’ ಅನ್ನುತ್ತಾರೆ. 2 ಲೀಟರ್ ಡೀಸೆಲ್ ಎಸ್‌ಯುವಿ, ಆನ್‌ರೋಡ್ 25 ಲಕ್ಷ. ವಿಮೆ, ಜಿಎಸ್‌ಟಿ ಸೇರಿ ತಿಂಗಳ ಬಾಡಿಗೆ 62,000, 48 ತಿಂಗಳು, ಕೊನೆಗೆ 4 ಲಕ್ಷ ಕೊಟ್ಟರೆ ಕಾರು ನಮ್ಮದು. ಸಾಲಕ್ಕಿಂತ ಇದು ಒಳ್ಳೆಯದೇ?

ಉತ್ತರ: ನಿಮ್ಮ ತೆರಿಗೆ ಹಂತ ಯಾವುದು ಎಂಬುದರ ಮೇಲೆ ಪೂರ್ತಿ ನಿಂತಿದೆ. ಬಾಡಿಗೆ ನಿಮ್ಮ ಸಿಟಿಸಿಯಿಂದ (ಕಂಪನಿ ನಿಮಗಾಗಿ ಮಾಡುವ ಒಟ್ಟು ಸಂಬಳ ವೆಚ್ಚ), ತೆರಿಗೆ ಬೀಳುವ ಮೊದಲೇ ಹೋಗುತ್ತದೆ. ಬದಲಿಗೆ ಕಾರಿನ ಸವಲತ್ತೆಂದು ಒಂದು ಚಿಕ್ಕ ಮೊತ್ತ ನಿಮ್ಮ ಆದಾಯಕ್ಕೆ ಸೇರುತ್ತದೆ. 2025-26ರ ಲೆಕ್ಕದಲ್ಲಿ 1.6 ಲೀಟರ್ ಮೀರಿದ ಎಂಜಿನ್‌ಗೆ, ಓಡಾಟದ ಖರ್ಚನ್ನೂ ಕಂಪನಿಯೇ ಕೊಡುವಾಗ, ತಿಂಗಳಿಗೆ 2,400 ರೂ., ಚಾಲಕನಿದ್ದರೆ ಇನ್ನೂ 900. ನಿಮಗೆ ಅನ್ವಯಿಸುವ ವರ್ಷದ ಪಟ್ಟಿಯನ್ನು ಎಚ್‌ಆರ್‌ನಿಂದ ಬರಹದಲ್ಲಿ ಪಡೆಯಿರಿ. ಹೊಸ ತೆರಿಗೆ ಪದ್ಧತಿಯಲ್ಲೂ ಈ ಅನುಕೂಲ ಉಳಿದಿದೆ.

ಶೇ. 30ರ ಹಂತದವರಾದರೆ ಸೆಸ್ ಸೇರಿ 31.2. 62,000ಕ್ಕೆ ಉಳಿಯುವ ತೆರಿಗೆ 19,344, ಸವಲತ್ತಿನ ಮೇಲೆ ಕಟ್ಟುವುದು 749. ನಿವ್ವಳ ಖರ್ಚು ತಿಂಗಳಿಗೆ 43,405. ನಾಲ್ಕು ವರ್ಷಕ್ಕೆ 20.83 ಲಕ್ಷ, ಕೊನೆಯ 4 ಲಕ್ಷ ಸೇರಿ 24.83 ಲಕ್ಷ. ಅದೇ 25 ಲಕ್ಷಕ್ಕೆ ಶೇ. 9ರ ನಾಲ್ಕು ವರ್ಷದ ಸಾಲವಾದರೆ ಇಎಂಐ 62,213, ಒಟ್ಟು 29.86 ಲಕ್ಷ, ಮೇಲೆ ವರ್ಷ ವರ್ಷದ ವಿಮೆ. ಲೀಸ್ ಐದು ಲಕ್ಷ ಅಗ್ಗ. ಶೇ. 20ರ ಹಂತದಲ್ಲಿದ್ದರೆ ಇದೇ ಲೀಸ್‌ಗೆ 27.81 ಲಕ್ಷ ಬೀಳುತ್ತದೆ, ಉಳಿತಾಯ ಎರಡು ಲಕ್ಷ ಚಿಲ್ಲರೆ. ಅದಕ್ಕೂ ಕೆಳಗಿನವರು ಈ ಗೋಜಿಗೆ ಹೋಗುವುದು ಬೇಡ.

ತೆರಿಗೆ ಉಳಿತಾಯ ತೆಗೆದುಬಿಟ್ಟರೆ ಲೀಸ್ ಯಾಕೆ ದುಬಾರಿ? ಬಾಡಿಗೆಯ ಮೇಲೂ ಕಾರಿನಷ್ಟೇ ಜಿಎಸ್‌ಟಿ. 4 ಮೀಟರ್ ಮೀರಿದ, 1500 ಸಿಸಿ ಮೀರಿದ ಡೀಸೆಲ್ ಎಸ್‌ಯುವಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 40. ಲೀಸ್ ಸಂಸ್ಥೆ ಕಾರಿಗೆ ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಪಡೆಯುತ್ತದೆ, ಅಂದರೆ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ವಜಾ ಮಾಡಿಕೊಳ್ಳುತ್ತದೆ. ನಿಮ್ಮ ಕಂಪನಿಗೆ ಬಾಡಿಗೆಯ ಜಿಎಸ್‌ಟಿಗೆ ಕ್ರೆಡಿಟ್ ಸಿಗುವುದಿಲ್ಲ, ಹಾಗಾಗಿ ಅದು ಸುತ್ತಿ ಬಳಸಿ ನಿಮ್ಮ ಸಿಟಿಸಿಗೇ ಬರುತ್ತದೆ. ಬಾಡಿಗೆಯ ಒಳಗಿನ ಬಡ್ಡಿ, ನಿರ್ವಹಣಾ ಶುಲ್ಕ ಎಲ್ಲದಕ್ಕೂ ಈ 40 ಅಂಟಿಕೊಳ್ಳುತ್ತದೆ.

ಎಡವಟ್ಟಾಗುವ ಜಾಗಗಳು ಮೂರು. ಕೆಲಸ ಬಿಟ್ಟರೆ ಏನು ಎಂಬುದು ಮೊದಲನೆಯದು. ಹೊಸ ಕಂಪನಿ ಅದೇ ಲೀಸ್ ಸಂಸ್ಥೆಯ ಜೊತೆ ಇಲ್ಲದಿದ್ದರೆ ಬಾಕಿ ಮೊತ್ತ ಮತ್ತು ಫೋರ್‌ಕ್ಲೋಷರ್ (ಅವಧಿಗೆ ಮೊದಲೇ ಲೀಸ್ ಮುಗಿಸುವ) ಶುಲ್ಕ ಒಂದೇ ಸಲಕ್ಕೆ ಕಟ್ಟಿ ಕಾರು ಬಿಡಿಸಿಕೊಳ್ಳಬೇಕು. 12, 24, 36ನೇ ತಿಂಗಳಿನ ಫೋರ್‌ಕ್ಲೋಷರ್ ಮೊತ್ತವನ್ನು ಈಗಲೇ ಬರೆಸಿಕೊಳ್ಳಿ. ಎರಡು, ಕಾರು ಕಚೇರಿ ಮತ್ತು ಸ್ವಂತ ಎರಡಕ್ಕೂ ಬಳಕೆ ಎಂದು ಕಂಪನಿಯ ದಾಖಲೆಯಲ್ಲಿರಬೇಕು. ಪೂರ್ತಿ ಸ್ವಂತಕ್ಕೆ ಎಂದಾದರೆ 2,400ರ ಬದಲು ನಿಜವಾದ ಬಾಡಿಗೆಯೇ ಆದಾಯಕ್ಕೆ ಸೇರಿ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಮೂರು, ನೋಂದಣಿ. ಹೊರರಾಜ್ಯದ ನಂಬರ್ ಪ್ಲೇಟಿನ ಕಾರನ್ನು ಇಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಮರುನೋಂದಣಿ ಆಗಲೇಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಯಾರು ಕಟ್ಟುವುದು ಎಂಬ ಜಗಳ ಆಗ ಶುರು. ಕೆಎ ನೋಂದಣಿಯೇ ಬೇಕೆಂದು ಕೇಳಿ. ಕೊನೆಯಲ್ಲಿ ಆರ್‌ಸಿಯಲ್ಲಿನ ಲೀಸ್ ನಮೂದು ತೆಗೆಸಲು ಫಾರ್ಮ್ 35, ಹೆಸರು ಬದಲಿಸಲು ಫಾರ್ಮ್ 29 ಮತ್ತು 30 ಬೇಕು. ಸಂಸ್ಥೆಯ ಸಹಿ ಸೀಲು ಬಿದ್ದ ಇವು ಕೈಗೆ ಬರುವ ತನಕ ಕೊನೆಯ 4 ಲಕ್ಷದ ಚೆಕ್ ಬಿಡಬೇಡಿ.

ಪ್ರಶ್ನೆ: ಲೀಸ್ ಮುಗಿಯಲು ಎರಡು ತಿಂಗಳಿದೆ. ಟೈರ್ ಸವೆದಿವೆ, ಬಾಗಿಲಿಗೆ ಗೀರು ಬಿದ್ದಿದೆ, 36,000 ಮೈಲಿ ಮಿತಿಗೆ ಈಗಾಗಲೇ 39,500 ಓಡಿದೆ. (ಸಿಯಾಟಲ್)

ಉತ್ತರ: ಟೈರ್‌ನಿಂದ ಶುರು ಮಾಡಿ. ಒಂದು ಕ್ವಾರ್ಟರ್ ನಾಣ್ಯ ತೆಗೆದು, ಅದರ ಮೇಲಿನ ವಾಷಿಂಗ್ಟನ್ ತಲೆ ಕೆಳಗಾಗುವಂತೆ ಟೈರಿನ ತೋಡಿನಲ್ಲಿ ನಿಲ್ಲಿಸಿ. ನೆತ್ತಿ ಪೂರ್ತಿ ಕಂಡರೆ ಆಳ 4/32 ಇಂಚಿಗಿಂತ ಕಡಿಮೆ ಎಂದರ್ಥ. ಬಹುತೇಕ ಕರಾರುಗಳ ಮಿತಿ ಅದೇ, ಅಂದರೆ ಎಂಟನೇ ಒಂದು ಇಂಚು. ಒಳಬದಿ, ನಡು, ಹೊರಬದಿ ಮೂರೂ ಕಡೆ ನೋಡಿ, ಎಸ್‌ಯುವಿಗಳಲ್ಲಿ ಅಲೈನ್‌ಮೆಂಟ್ ತಪ್ಪಿ ಒಳಬದಿ ಮಾತ್ರ ಸವೆದಿರುವುದುಂಟು. ಹಾಕಿಸುವುದಾದರೆ ಅದೇ ಅಳತೆ, ಅದೇ ಲೋಡ್ ಮತ್ತು ವೇಗದ ರೇಟಿಂಗ್ ಇರಲಿ. ಅಗ್ಗವೆಂದು ಕೆಳದರ್ಜೆಯದು ಹಾಕಿಸಿದರೆ ಹೊಸ ಟೈರಿಗೂ ದಂಡ ಹಾಕುತ್ತಾರೆ.

ಗೀರಿಗೆ ಅವಸರ ಬೇಡ. ಕಂಪನಿಯಿಂದ ಪ್ರಿ-ಇನ್‌ಸ್ಪೆಕ್ಷನ್ (ಹಿಂತಿರುಗಿಸುವ ಮುಂಚಿನ ತಪಾಸಣೆ) ಮಾಡಿಸಿ, ವರದಿ ಬಂದ ಮೇಲೆ ಹೊರಗಿನ ಬಾಡಿ ಶಾಪ್ ದರದ ಜೊತೆ ಹೋಲಿಸಿ. ಕ್ರೆಡಿಟ್ ಕಾರ್ಡಿನಷ್ಟು ಉದ್ದದೊಳಗಿನ ಗೀರನ್ನು ಎಷ್ಟೋ ಕಂಪನಿಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎರಡೂ ಕೀಲಿ, ಮೂರನೇ ಸಾಲಿನ ಹೆಡ್‌ರೆಸ್ಟ್, ಡಿಕ್ಕಿಯ ಕವರ್ ಮನೆಯಲ್ಲೆಲ್ಲೋ ಬಿದ್ದಿದ್ದರೆ ಹುಡುಕಿಡಿ. ಇವಕ್ಕೆ ಹಾಕುವ ಬೆಲೆ ಗೀರಿಗಿಂತ ಜೋರು.

ಮೈಲಿ ವಿಷಯ: ಇನ್ನೆರಡು ತಿಂಗಳಲ್ಲಿ 41,000 ಮುಟ್ಟುತ್ತದೆ ಎಂದುಕೊಂಡರೆ 5,000 ಹೆಚ್ಚು, ಮೈಲಿಗೆ 25 ಸೆಂಟಿನಂತೆ 1,250 ಡಾಲರ್. ಕಟ್ಟುವ ಮೊದಲು ಕರಾರಿನ ರೆಸಿಡ್ಯುಯಲ್ ಬೆಲೆಯನ್ನು ಈಗಿನ ಮಾರುಕಟ್ಟೆ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಮಾರುಕಟ್ಟೆ ಬೆಲೆ ಹೆಚ್ಚಿದ್ದು ನೀವೇ ಕೊಂಡುಕೊಂಡರೆ ಮೈಲಿ, ಗೀರು, ಟೈರು, ಡಿಸ್ಪೊಸಿಷನ್ ಫೀ ಯಾವುದನ್ನೂ ಸಾಮಾನ್ಯವಾಗಿ ಕಟ್ಟಬೇಕಿಲ್ಲ. ಅದೇ ಡೀಲರ್‌ಗೆ ಟ್ರೇಡ್-ಇನ್ ಕೊಟ್ಟರೂ ಸರಿ. ಟೈರಿಗೆ ದುಡ್ಡು ಸುರಿಯುವ ಮುಂಚೆ ಈ ಲೆಕ್ಕ ಮುಗಿಸಿ.